ಕಾಳಿಂಗನ ಒಂದು ಲಕ್ಷ ಎಂಬತ್ತು ಸಾವಿರದ ಆಪರೇಶನ್

ನಮ್ಮ ಕಾಳಿಂಗನಿಗೆ ಸಂತಾನಹರಣದ ಆಪರೇಶನ್ ಆದ ದಿನ ಶರಾವತಿ ಹಿನ್ನೀರು ಎರಡಡಿ ಏರಿತು. ಅದು ಮಾರ್ಚ್ ತಿಂಗಳು, ಆಕಾಶದಲ್ಲಿ ಹಿಡಿಯಷ್ಟು ಮೋಡವಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನ ಹೆಣ್ಣುನಾಯಿಗಳು ದಡದುದ್ದಕ್ಕೂ ಸಾಲಾಗಿ ಕೂತು ಅತ್ತ ಕಣ್ಣೀರು ಅದು. ನೀರು ಬಾಯಿಗೆ ಹಾಕಿ ನೋಡಿದವರು ಉಪ್ಪುಪ್ಪಾಗಿತ್ತು ಎಂದಿದ್ದಾರೆ.

ನಾನು ಹೂವಪ್ಪ. ಹೊಸನಗರ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಮೈಕ್‌ಸೆಟ್ ಅಂಗಡಿ. ಮದುವೆ, ಕಬಡ್ಡಿ, ಚುನಾವಣೆ, ಪಂಚಾಯ್ತಿ ಪ್ರಕಟಣೆ, ಎಲ್ಲದಕ್ಕೂ ನಾನೇ. ಲಗೇಜ್ ಆಟೋದ ನೆತ್ತಿಗೆ ಎರಡು ಹಾರನ್ ಕಟ್ಟಿ ನಾನೊಮ್ಮೆ ‘ಸಾರ್ವಜನಿಕರ ಗಮನಕ್ಕೆ’ ಎಂದರೆ ಹುಂಚದಲ್ಲಿ ತೊಟ್ಟಿಲ ಮಗು ಎದ್ದು ಕೂರುತ್ತದೆ. ಒಮ್ಮೆ ಹೆಬ್ಬುಲಿಯೊಂದು ಎದುರಾದಾಗ ಮೈಕನ್ನು ಹಾರನ್ನಿನ ಬಾಯಿಗೆ ಹಿಡಿದು ಕುಂಯ್ ಎನ್ನಿಸಿದೆ. ಹುಲಿ ಎರಡೂ ಕಿವಿ ಮುಚ್ಚಿಕೊಂಡು, ಹಿಂಗಾಲಲ್ಲಿ ನಡೆಯುತ್ತ ಕಾಡಿಗೆ ಹೋಯಿತು.

ಇಂಥ ಸತ್ಯಗಳನ್ನು ನಂಬುವವರು ಮೂರು ತಾಲ್ಲೂಕಿನಲ್ಲಿ ಒಬ್ಬರೇ ಒಬ್ಬರು. ಹಿನ್ನೀರಿನಾಚೆ ತುಮರಿಯಲ್ಲಿರುವ ನನ್ನ ಅತ್ತೆ ಹುಲಿಯಮ್ಮ. ನಾನು ಹೇಳಿದ ಒಂದೊಂದು ಮಾತನ್ನೂ ಅವರು ಪ್ರಸಾದದ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಊರಿಗೆಲ್ಲ ಹಂಚುತ್ತಾರೆ. ತುಮರಿಯಲ್ಲಿ ಬಸ್ಸಿಳಿದರೆ ನನಗೆ ಜನ ಎದ್ದು ನಿಂತು ಕೈ ಮುಗಿಯುತ್ತಾರೆ. ಹೊಸನಗರದಲ್ಲಿ ನನ್ನನ್ನು ಕಂಡರೆ ಹೋಟೆಲಿನವರು ಕಿವಿಗೆ ಹತ್ತಿ ಹುಡುಕುತ್ತಾರೆ. ಆದ್ದರಿಂದ ಅತ್ತೆಯ ನಂಬಿಕೆ ಎನ್ನುವುದು ನನ್ನ ಪಾಲಿಗೆ ಎಂಥ ಆಸ್ತಿ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಕಾಳಿಂಗ. ಮೈಯೆಲ್ಲ ಕಪ್ಪು, ಬಾಲದ ತುದಿ ಬಿಳಿ, ಎಡಗಿವಿ ಮಡಚಿದ್ದು. ಬೆಳಿಗ್ಗೆ ಹೊಸನಗರದಲ್ಲಿ ಹಾಲು ಕುಡಿದು ಹೊರಟರೆ ಮಧ್ಯಾಹ್ನಕ್ಕೆ ತೀರ್ಥಹಳ್ಳಿ, ಸಂಜೆಗೆ ಸಾಗರ. ಹೋದಲ್ಲೆಲ್ಲ ಒಂದೊಂದು ಸಂಸಾರ. ಎರಡು ವರ್ಷಗಳಲ್ಲಿ ಬಿಳಿ ತುದಿಯ ಬಾಲ ಕಾಣದ ಊರೇ ಉಳಿಯಲಿಲ್ಲ.

ಕೊನೆಗೊಂದು ಬೆಳಿಗ್ಗೆ ಪಕ್ಕದ ಮನೆಯ ವಿಶಾಲಮ್ಮ ನಮ್ಮ ಜಗುಲಿಗೆ ಬಂದರು. ಒಂದು ಕೈಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ. ಇನ್ನೊಂದು ಕೈಯಲ್ಲಿ ಬುಟ್ಟಿ. ಬುಟ್ಟಿಯೊಳಗೆ ಕಣ್ಣು ಬಿಡದ ನಾಲ್ಕು ಮರಿ.

“ಹೂವಪ್ಪಣ್ಣ, ಇಗಾ, ನಿಮ್ಮ ಮೊಮ್ಮಕ್ಳು.”

“ಎಂತ ವಿಶಾಲಕ್ಕ, ಯಾರೋ ಮಾಡಿದ್ದಕ್ಕೆ ನಮ್ಮ ಹುಡುಗನ ಹೆಸ್ರು ಹೇಳ್ತೀರಲ್ಲ!”

“ಬಾಲದ ತುದಿ ನೋಡಿ. ಎಡಗಿವಿ ನೋಡಿ. ಇನ್ನು ಮದ್ವೆ ಫೋಟೋ ಒಂದು ಬಾಕಿ. ನಮ್ಮ ಪಿಂಕಿಗೆ ಮೂರು ಬಾಣಂತನ ಮಾಡಿ ನನ್ನ ಸೊಂಟ ಬಿದ್ದೋಗಿದೆ. ಈ ಸಲದ್ದು ಗಂಡನ ಮನೆಯವ್ರೇ ಮಾಡ್ಲಿ.”

ತಟ್ಟೆ, ಬುಟ್ಟಿ, ಹಿಂದಿನಿಂದ ನಾಚಿಕೊಂಡು ಬಂದ ಪಿಂಕಿ, ಮೂರನ್ನೂ ಬಿಟ್ಟು ವಿಶಾಲಮ್ಮ ಹೋದರು. ನನ್ನ ಹೆಂಡತಿ ಹೇಮಾವತಿ ಹೊಲಿಗೆ ಮಷಿನ್ನಿನ ಡ್ರಾಯರು ಎಳೆದು ಆರೂವರೆ ಸಾವಿರ ರೂಪಾಯಿ ತೆಗೆದು ನನ್ನ ಕೈಗಿಟ್ಟಳು.

“ತೀರ್ಥಹಳ್ಳಿಯಲ್ಲಿ ಶ್ರೀಕರ ಡಾಕ್ಟ್ರು ಅಂತ ಇದಾರೆ. ಫೋನ್ ಮಾಡಿ ಕೇಳಿದೀನಿ. ಆಪರೇಶನ್ನು, ಲಸಿಕೆ ಎಲ್ಲಾ ಸೇರಿ ಇಷ್ಟಾಗ್ತದಂತೆ. ನಾಳೆನೇ ಹೋಗ್ಬೇಕು. ಹುಚ್ಚುನಾಯಿ ರೋಗದ ಇಂಜೆಕ್ಷನ್ ಬಿಟ್ಟಿ ಹಾಕ್ತಾರೆ ಬನ್ನಿ ಬನ್ನಿ ಅಂತ ಮೂರು ವರ್ಷದಿಂದ ಊರಿಗೆಲ್ಲ ಮೈಕಲ್ಲಿ ಕೂಗ್ತೀರಿ. ನಮ್ಮನೆ ನಾಯಿಗೆ ಒಂದ್ಸಲನಾದ್ರೂ ಹಾಕ್ಸಿದೀರಾ?”

ಕೂಗುವವನು ಕೂಗಬೇಕು, ಹಾಕಿಸುವವರು ಹಾಕಿಸಬೇಕು. ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದರೆ ಪಂಚಾಯ್ತಿ ನಡೆಯುವುದು ಹೇಗೆ? ಆದರೂ ಹೋದೆ.

ಅಲ್ಲಿ ನಡೆದದ್ದನ್ನು, ತೀರ್ಥಹಳ್ಳಿಯಿಂದ ಬಂದ ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹೇಗೆ ಹೇಳಿದೆನೋ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಕಾಳಿಂಗ ಒಳಗೆ ಕಾಲಿಟ್ಟದ್ದೇ ಡಾಕ್ಟರ್ ಶ್ರೀಕರ ಕುರ್ಚಿ ಬಿಟ್ಟು ಎದ್ದು ನಿಂತರು. “ಇಂಥ ನಾಯಿಯನ್ನು ನಾನು ಪುಸ್ತಕದಲ್ಲೂ ಕಂಡಿಲ್ಲ. ಇದಕ್ಕೆ ಮಾಮೂಲಿ ಕತ್ತರಿ ನಡೆಯುವುದಿಲ್ಲ” ಎಂದರು. ಜರ್ಮನಿಯಿಂದ ಲೇಸರ್ ಮಷಿನ್ನು ಬಂತು. ಆನೆಗೆ ಕೊಡುವ ಮತ್ತಿನ ಮದ್ದು ಬಂತು. ಆನೆಯ ಮದ್ದಿಗೂ ಕಾಳಿಂಗ ಒಂದೇ ಕಣ್ಣು ಮುಚ್ಚಿದ. ಇನ್ನೊಂದು ಕಣ್ಣಿಗೆ ಬೇರೆ ಡೋಸು. ಮತ್ತಿನಲ್ಲೇ ಅವನೊಮ್ಮೆ ಕಾಲು ಝಾಡಿಸಿದಾಗ ಕಬ್ಬಿಣದ ಟೇಬಲ್ಲು ಹಾರಿ ಬಂದು ನನ್ನ ಹಣೆಗೆ ಬಡಿಯಿತು. ಮೂರು ಹೊಲಿಗೆ. ಟೋಪಿ ಎತ್ತಿ ಎಲ್ಲರಿಗೂ ತೋರಿಸಿದೆ. ಆಮೇಲೆ ಲಸಿಕೆ. ಅದಂತೂ ಏಳು ದೇಶದ ಏಳು ಮದ್ದು ಕಲಸಿ ಮಾಡಿದ್ದು. ಎಷ್ಟು ಜೋರು ಎಂದರೆ, ಆ ಲಸಿಕೆ ಹಾಕಿಸಿಕೊಂಡ ನಾಯಿ ಯಾರಿಗಾದರೂ ಕಚ್ಚಿದರೆ ಕಚ್ಚಿಸಿಕೊಂಡವರಿಗೂ ಹತ್ತು ವರ್ಷ ಯಾವ ಕಾಯಿಲೆಯೂ ಬರುವುದಿಲ್ಲ! ಲೇಸರ್ ಆದ್ದರಿಂದ ಕಾಳಿಂಗನ ಮೈಮೇಲೆ ಗಾಯದ ಗುರುತೇ ಇಲ್ಲ. ಒಟ್ಟು ಖರ್ಚು ಒಂದು ಲಕ್ಷ ಎಂಬತ್ತು ಸಾವಿರ.

“ಹೂವಪ್ಪ, ಒಂದು ಸೊನ್ನೆ ತೆಗಿ ಮಾರಾಯ” ಎಂದ ಗಲ್ಲಾದಲ್ಲಿ ಕೂತಿದ್ದ ದುರ್ಗೇಶ್.

“ಎರಡು ತೆಗೀರಿ. ಆಮೇಲೂ ಅರ್ಧ ಸುಳ್ಳೇ ಉಳೀತದೆ” ಎಂದರು ಇನ್ನೊಬ್ಬರು.

ನಾನು ಬೇಸರ ಮಾಡಿಕೊಳ್ಳಲಿಲ್ಲ. ಅಲ್ಲಿಂದಲೇ ಅತ್ತೆಗೆ ಫೋನು ಮಾಡಿ ಒಂದಕ್ಷರ ಬಿಡದೆ ಹೇಳಿದೆ. “ಅಯ್ಯೋ ನನ್ನ ಕೂಸೇ!” ಎಂದು ಅತ್ತೆ ಅತ್ತೇ ಬಿಟ್ಟರು. ನಾಯಿಗೋ ನನಗೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಹಿಂದೆ ಹಿನ್ನೀರು ದಾಟಲು ಲಾಂಚ್ ಒಂದೇ ಇದ್ದ ಕಾಲದಲ್ಲಿ ಅತ್ತೆ ನಮ್ಮ ಮನೆಗೆ ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಈ ದಡದಲ್ಲಿ ಕಾದು, ಆ ದಡದಲ್ಲಿ ಕಾದು ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಈಗ ಹಿನ್ನೀರಿನ ಮೇಲೆ ಉದ್ದಕ್ಕೂ ಸೇತುವೆ. ಸುದ್ದಿ ಬಿಸಿಯಿರುವಾಗಲೇ ಅತ್ತೆಯೂ ಬರುತ್ತಾರೆ. ಎಂಟನೆಯ ದಿನ ಮುಂಜಾನೆ ಬಂದಿಳಿದರು. ಕಂಕುಳಲ್ಲಿ ಒಂದು ಊರುಕೋಳಿ, ಆಪರೇಶನ್ ಆದವನ ಪಥ್ಯಕ್ಕೆ.

“ಎಷ್ಟು ಸೊರಗಿದಾನೆ ನೋಡೇ ಹೇಮಾ!” ಎಂದರು. ಕಾಳಿಂಗ ಆ ವಾರದಲ್ಲಿ ಎರಡು ಕೇಜಿ ದಪ್ಪಗಾಗಿದ್ದ. ಪಿಂಕಿಯ ಬಾಣಂತನದ ಗಂಜಿಯಲ್ಲಿ ಅರ್ಧ ಪಾಲು ಅವನದೇ ಆಗಿತ್ತು.

ಅತ್ತೆ ಅವನನ್ನು ಜಗುಲಿಯಲ್ಲಿ ಕೂರಿಸಿ, ಒಣಮೆಣಸು ಉಪ್ಪು ಹಿಡಿದು ದೃಷ್ಟಿ ತೆಗೆದರು. “ಊರ ಕಣ್ಣು, ಕೇರಿ ಕಣ್ಣು, ಆ ವಿಶಾಲಮ್ಮನ ಕಣ್ಣು...” ಬೇಲಿಯಾಚೆ ವಿಶಾಲಮ್ಮ ಕೆಮ್ಮಿದರು. ಮೆಣಸಿನ ಘಾಟಿಗೆ ಕಾಳಿಂಗ ಮೂರು ಸಲ ಸೀನಿದ. ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು, ಕಾಳಿಂಗನ ಹಿಂಗಾಲು ಎತ್ತಿ ಬಗ್ಗಿ ನೋಡಿದರು.

“ಅಲ್ಲಾ ಅಳಿಯಂದ್ರೇ, ಎಲ್ಲಾ ಇದ್ದಲ್ಲೇ ಇದೆಯಲ್ಲ?”

ಹೇಮಾವತಿ ನನ್ನ ಕಡೆ ತಿರುಗಿದಳು. ನನ್ನ ನಾಲಿಗೆ ನನಗಿಂತ ಮೊದಲೇ ಓಡುವಂಥದ್ದು.

“ಅದು ಖಾಲಿ ಡಬ್ಬಿ ಅತ್ತೆ. ಒಳಗಿನ ಸರಕು ಮಾತ್ರ ಲೇಸರಲ್ಲಿ ತೆಗ್ದಿದಾರೆ. ನೋಡೋಕೆ ಚಂದ ಇರ್ಲಿ ಅಂತ ಡಬ್ಬಿ ಬಿಟ್ಟಿದಾರೆ.”

“ಹೌದಾ! ಎಂಥ ಕಾಲ ಬಂತು ನೋಡು” ಎಂದು ಅತ್ತೆ, ಡಬ್ಬಿ ಖಾಲಿಯೋ ಅಲ್ಲವೋ ಎಂದು ಎರಡು ಬೆರಳಿನಿಂದ ಒತ್ತಿ ನೋಡಿದರು.

ಕಾಳಿಂಗ ಒಳ್ಳೆಯ ನಾಯಿ. ಆದರೆ ಎಲ್ಲದಕ್ಕೂ ಒಂದು ಮಿತಿ ಇರುತ್ತದೆ. ಅತ್ತೆಯ ಮುಂಗೈಗೆ ಬಾಯಿ ಹಾಕಿದ. ನಾಲ್ಕು ಹಲ್ಲು ಇಳಿದು ರಕ್ತ ಬಂತು.

ಹೇಮಾವತಿ ತಾಯಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಕಾಲು ಗಂಟೆ ತೊಳೆದಳು. ನಾನು ಆ ಕಡೆ ನೋಡಲಿಲ್ಲ. ಮೂವರೂ ಆಟೋ ಹತ್ತಿ ಆಸ್ಪತ್ರೆಗೆ ಹೋದೆವು. ಸಿಸ್ಟರ್ ಮಂಜುಶ್ರೀ ಗಾಯ ನೋಡಿದ್ದೇ, “ಇವತ್ತೇ ಶುರು ಮಾಡ್ಬೇಕಮ್ಮ. ಹೇಳಿದ್ ದಿನ ಬಂದು ಅಷ್ಟೂ ಇಂಜೆಕ್ಷನ್ ತಗೋಬೇಕು” ಎಂದರು.

ಅತ್ತೆ ನಕ್ಕರು. “ನಂಗ್ಯಾಕೆ ಮಗಾ ಇಂಜೆಕ್ಷನ್ನು? ಇದು ಯಾರ ನಾಯಿ ಗೊತ್ತನಾ? ಒಂದು ಲಕ್ಷ ಎಂಬತ್ತು ಸಾವಿರದ ನಾಯಿ. ಇದು ಕಚ್ಚಿದವ್ರಿಗೆ ಹತ್ತು ವರ್ಷ ಕಾಯಿಲೆನೇ ಬರಾದಿಲ್ಲ. ನಮ್ಮ ಅಳಿಯಂದ್ರೇ ಹೇಳಿದಾರೆ.”

“ನಾಯಿಗೆ ಏನೇ ಹಾಕ್ಸಿರ್ಲಿ ಅಮ್ಮ, ಕಚ್ಚಿದ್ಮೇಲೆ ನಿಮಗೆ ಬೇಕೇ ಬೇಕು. ಇದು ತಮಾಷೆ ಅಲ್ಲ. ರೋಗ ಬಂತು ಅಂದ್ರೆ ಆಮೇಲೆ ಯಾರ ಕೈಲೂ ಏನೂ ಮಾಡೋಕಾಗಲ್ಲ.” ಸಿಸ್ಟರ್ ನನ್ನ ಕಡೆ ತಿರುಗಿದರು. “ಎಂತದು ಹೂವಪ್ಪನವ್ರೇ, ಹತ್ತು ವರ್ಷ?”

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಬಾಯಿಯನ್ನೂ ತೆರೆದೆ. ಆದರೆ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಕಳಶ ನೋಡುವ ಹಾಗೆ. ನನ್ನ ಬಾಯಿಂದ ಬಂದ ಮಾತು ಇದು:

“ಹದಿನೈದು.”

ಅತ್ತೆ ಎದ್ದು ಸೆರಗು ಕೊಡವಿದರು. ಮಗಳು ಎಳೆದಳು, ಸಿಸ್ಟರ್ ಗದರಿದರು. ಯಾವುದೂ ತಾಗಲಿಲ್ಲ. ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದು ಸಾಗರದ ಬಸ್ಸು ಹತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು: “ಆಚೆಮನೆ ಶಿವರಾಮಂಗೆ ಉಬ್ಬಸ, ಅವನ ಹೆಂಡ್ತಿಗೆ ಮಂಡಿನೋವು. ನಾಡಿದ್ದು ಒಂದು ಜೀಪು ಮಾಡ್ಕೊಂಡು ಹತ್ತು ಜನ ಬರ್ತೀವಿ. ಎಲ್ಲಾರಿಗೂ ಒಂದೊಂದ್ಸಲ ಕಚ್ಚಿಸಿ ಅಳಿಯಂದ್ರೇ!”

ಬಸ್ಸು ಹೋಯಿತು. ಹೇಮಾವತಿ ಅಲ್ಲೇ ನಿಂತು ತೀರ್ಥಹಳ್ಳಿಗೆ ಫೋನು ಹಚ್ಚಿದಳು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು. ಮೈಕ್‌ಸೆಟ್ಟಿನವನ ಹೆಂಡತಿ.

“ಡಾಕ್ಟ್ರೇ, ಹೋದ ವಾರ ಕಪ್ಪು ನಾಯಿಗೆ ಆಪರೇಶನ್ ಮಾಡಿದ್ರಲ್ಲ, ಹೂವಪ್ಪ ಅಂತ...”

“ನಾಯಿಗಾ?” ಎಂದರು ಶ್ರೀಕರ ಡಾಕ್ಟರು. “ನಾಯಿಗೆ ನಾನು ಕೈನೇ ಹಚ್ಚಿಲ್ಲಮ್ಮ. ಮೊದ್ಲು ಲಸಿಕೆ ಹಾಕೋಣ ಅಂತ ಸಿರಿಂಜ್ ತೆಗ್ದೆ ಅಷ್ಟೆ. ನಿಮ್ಮ ಯಜಮಾನ್ರು ಅದನ್ನ ನೋಡಿ ಮೂರ್ಛೆ ಹೋದ್ರು. ಬೀಳೋವಾಗ ಹಣೆ ಟೇಬಲ್ಲಿಗೆ ಬಡೀತು. ಪಕ್ಕದ ಡಾಕ್ಟ್ರ ಹತ್ರ ಹೊತ್ಕೊಂಡು ಹೋಗಿ ಹೊಲಿಗೆ ಹಾಕ್ಸಿದ್ವಿ, ಒಂದು ಬಾಟ್ಲಿ ಗ್ಲೂಕೋಸು ಹತ್ತಿಸಿದ್ರು. ಎಚ್ಚರಾದ ತಕ್ಷಣ ನಾಯಿ ಕರ್ಕೊಂಡು ಓಡಿಹೋದ್ರು. ನಾಯಿ ಪಾಪ, ಇವರ ಕೈ ನೆಕ್ತಾ ಕೂತಿತ್ತು.”

ಬಸ್‌ಸ್ಟ್ಯಾಂಡಿನಲ್ಲಿ ಇಷ್ಟೊಂದು ಜನ ಯಾವಾಗ ಸೇರಿದರೋ ತಿಳಿಯಲಿಲ್ಲ. ಹೇಮಾವತಿ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹೋಗಿ. ನೀವೇ ಹೋಗಿ ಹೇಳಿ. ನಾನು ಹೇಳಿದ್ರೆ ಅವ್ವ ನಂಬಲ್ಲ. ಅಳಿಯನ ಹೆಸ್ರು ನೋಡಿ ಹೊಟ್ಟೆಕಿಚ್ಚು ನಿಂಗೆ ಅಂತಾಳೆ. ಫೋನು ನಮ್ಮನೇಲೇ ಚಾರ್ಜಿಗೆ ಹಾಕಿ ಮರ್ತು ಹೋಗಿದಾಳೆ. ನಮ್ಮವ್ವಂಗೆ ಏನಾದ್ರೂ ಆಯ್ತು ಅಂದ್ರೆ...” ಅವಳ ಕಣ್ಣಲ್ಲಿ ನೀರಿತ್ತು. ಅದು ಮೂರು ತಾಲ್ಲೂಕಿನ ಕಣ್ಣೀರಿಗಿಂತ ಭಾರವಾಗಿತ್ತು. ಈ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ಆಟೋ ತಿರುಗಿಸಿದೆ. ಮನೆಯಿಂದ ಆಟೋದ ಬೆನ್ನಿಗೇ ಓಡಿ ಬಂದಿದ್ದ ಕಾಳಿಂಗ ಹಿಂದೆ ಹಾರಿ ಕೂತ. ದಾರಿಯುದ್ದಕ್ಕೂ ನನಗೆ ಗಾಬರಿ ಏನೂ ಇರಲಿಲ್ಲ. ನನ್ನ ಲೆಕ್ಕ ಇಷ್ಟೇ: ಅತ್ತೆ ಸಾಗರದಲ್ಲಿ ಬಸ್ಸು ಬದಲಿಸಬೇಕು, ಅಂಬಾರಗೋಡ್ಲು ದಡದಲ್ಲಿ ಲಾಂಚಿಗೆ ಕಾಯಬೇಕು. ಅಲ್ಲಿ ಒಂದು ಗಂಟೆಯಾದರೂ ಸಿಕ್ಕೇ ಸಿಗುತ್ತದೆ. ನಮ್ಮ ಕಡೆಯವರಿಗೆ ಎಷ್ಟೋ ಜಗಳ ತೀರಿದ್ದು, ಎಷ್ಟೋ ಸಂಬಂಧ ಕುದುರಿದ್ದು ಆ ದಡದಲ್ಲಿ ಕಾಯುವಾಗಲೇ. ನನ್ನ ಮದುವೆಗೆ ಅತ್ತೆ ಒಪ್ಪಿದ್ದೂ ಅಲ್ಲೇ. ಹಾಗಾಗಿ ಸಾಗರದಲ್ಲಿ ಆಟೋ ನಿಲ್ಲಿಸಿ ಎರಡು ಬನ್ಸು ತಿಂದೆ, ಟೀ ಕುಡಿದೆ. ಸತ್ಯ ಹೇಳಿ ಅಭ್ಯಾಸವಿಲ್ಲದವನಿಗೆ ಹೊಟ್ಟೆ ಗಟ್ಟಿ ಇರಬೇಕಾಗುತ್ತದೆ.

ದಡಕ್ಕೆ ಬಂದು ನೋಡುತ್ತೇನೆ, ಸಾಲೂ ಇಲ್ಲ, ಜನವೂ ಇಲ್ಲ. ಕಡಲೆಕಾಯಿ ಮಾರುವವನೂ ಇಲ್ಲ. ಅಟ್ಟದಷ್ಟು ಎತ್ತರದಲ್ಲಿ, ತಲೆಯ ಮೇಲೆ ಸೇತುವೆ. ಆ ಸೇತುವೆ ಆದಾಗ ಮೈಕ್ ಹಿಡಿದು ಊರೂರಿಗೆ ಸಾರಿದವನೂ ನಾನೇ. ಬಾಯಿ ಸಾರಿದ್ದು ಕಿವಿಗೆ ಬಿದ್ದಿರಲಿಲ್ಲ. ಮೇಲೆ ತುಮರಿಯ ಬಸ್ಸು ಆರಾಮಾಗಿ ಹೋಗುತ್ತಿತ್ತು.

ಆಟೋ ಹಿಂದಕ್ಕೆ ತಿರುಗಿಸಿ ಸೇತುವೆ ಹತ್ತಿಸಿದೆ. ಹಾರನ್ ಒತ್ತಿದೆ, ಬಸ್ಸು ನಿಲ್ಲಲಿಲ್ಲ. ಕೊನೆಗೆ ಮೈಕಿನ ಸ್ವಿಚ್ ಹಾಕಿದೆ. ಇಪ್ಪತ್ತು ವರ್ಷದ ಅಭ್ಯಾಸ, ಬಾಯಿಗೆ ಬೇರೆ ಭಾಷೆ ಬರಲಿಲ್ಲ.

“ಸಾರ್ವಜನಿಕರ ಗಮನಕ್ಕೆ! ಸಾರ್ವಜನಿಕರ ಗಮನಕ್ಕೆ! ತುಮರಿ ಹುಲಿಯಮ್ಮನವರು ದಯವಿಟ್ಟು ಬಸ್ಸಿನಿಂದ ಇಳಿಯಬೇಕಾಗಿ ವಿನಂತಿ! ಹೊಸನಗರದ ಹೂವಪ್ಪ ಎಂಬವರು ತಮ್ಮ ನಾಯಿಗೆ ಯಾವುದೇ ಲಸಿಕೆ ಹಾಕಿಸಿರುವುದಿಲ್ಲ! ಯಾವುದೇ ಆಪರೇಶನ್ ಮಾಡಿಸಿರುವುದಿಲ್ಲ! ಲೇಸರ್ ಇರುವುದಿಲ್ಲ, ಜರ್ಮನಿ ಇರುವುದಿಲ್ಲ! ಡಬ್ಬಿ ಖಾಲಿ ಇರುವುದಿಲ್ಲ! ಸದರಿ ಹೂವಪ್ಪನವರು ಸೂಜಿ ನೋಡಿ ಮೂರ್ಛೆ ಹೋಗಿರುತ್ತಾರೆ! ಹುಲಿಯಮ್ಮನವರು ಈ ಕೂಡಲೇ... ಅತ್ತೆ, ಇಳೀರಿ ಅತ್ತೆ! ನಿಮ್ಮ ಕಾಲು ಹಿಡಿತೀನಿ, ಇಂಜೆಕ್ಷನ್ ತಗೊಳ್ಳಿ!”

ನೀರಿನ ಮೇಲೆ ಶಬ್ದ ದೂರ ಹೋಗುತ್ತದೆ. ಎರಡೂ ದಡದಲ್ಲಿ ನನ್ನ ಮಾತು ಬಡಿದು, ‘ಮೂರ್ಛೆ ಹೋಗಿರುತ್ತಾರೆ, ಹೋಗಿರುತ್ತಾರೆ’ ಎಂದು ವಾಪಸು ಬಂತು. ಬಸ್ಸು ನಿಂತಿತು. ಅತ್ತೆ ಇಳಿದರು. ಅವರ ಹಿಂದೆ ಬಸ್ಸಿನವರೆಲ್ಲರೂ ಇಳಿದರು, ಡ್ರೈವರ್ ಕೂಡ. ಕಂಡಕ್ಟರ್ ಟಿಕೆಟ್ ಮಷಿನ್ ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ನಿಂತ.

ಅತ್ತೆ ಹತ್ತಿರ ಬಂದು, ನನ್ನ ಟೋಪಿ ತೆಗೆದು ಹಣೆಯ ಹೊಲಿಗೆ ಮುಟ್ಟಿ ನೋಡಿದರು.

“ಆನೆ ಮದ್ದು?”

“ಇಲ್ಲ ಅತ್ತೆ.”

“ಒಂದು ಲಕ್ಷ ಎಂಬತ್ತು ಸಾವಿರ?”

“ಹೇಮಾ ಕೊಟ್ಟಿದ್ದು ಆರೂವರೆ ಸಾವಿರ. ನನ್ನ ಹೊಲಿಗೆಗೆ, ಗ್ಲೂಕೋಸಿಗೆ ಒಂಬೈನೂರು ಹೋಯ್ತು. ಉಳಿದಿದ್ದು ಆಂಪ್ಲಿಫೈಯರ್ ಡಬ್ಬಿಯೊಳಗೆ ಇದೆ.”

ಅವರು ಟೋಪಿಯನ್ನು ವಾಪಸು ನನ್ನ ತಲೆಗಿಟ್ಟರು. ಆಮೇಲೆ, ಇದೊಂದಾದರೂ ಉಳಿಯಲಿ ಎನ್ನುವವರ ದನಿಯಲ್ಲಿ ಮೆಲ್ಲಗೆ ಕೇಳಿದರು: “ಆ ಹೆಬ್ಬುಲಿ?”

ಮೈಕು ಇನ್ನೂ ಕೈಯಲ್ಲೇ ಇತ್ತು, ಆರಿಸಿರಲಿಲ್ಲ. “ಬೆಕ್ಕು ಅತ್ತೆ” ಎಂದದ್ದು ಎರಡು ದಡಕ್ಕೂ ಕೇಳಿತು.

“ಕಾಡುಬೆಕ್ಕಾ?”

“ವಿಶಾಲಕ್ಕನ ಬೆಕ್ಕು.”

ಅತ್ತೆ ಆಟೋದ ಮುಂದಿನ ಸೀಟಿಗೆ ಹತ್ತಿ ಕೂತರು. “ನಡೀರಿ ಆಸ್ಪತ್ರೆಗೆ. ನಂಗೆ ಚುಚ್ಚಾಗ ನೀವು ಎದುರಿಗೇ ಕೂತು ನೋಡ್ಬೇಕು. ಅಷ್ಟೂ ದಿನ” ಎಂದರು. ಹೊಸನಗರದ ದಾರಿಯಲ್ಲಿ ಒಮ್ಮೆ ಹಿಂದಕ್ಕೆ ಕೈ ಚಾಚಿ ಕಾಳಿಂಗನ ತಲೆ ಸವರಿದರು. “ನೀನೊಬ್ನೇ ಕಣೋ ನಿಜ ಹೇಳಿದ್ದು, ಹಲ್ಲಲ್ಲಿ.”

ಎದುರಿಗೆ ಕೂತು ನೋಡಿದೆ. ಮೊದಲ ದಿನವೇ ಮತ್ತೆ ಬಿದ್ದೆ. ಎರಡನೆಯ ಸಲ ಸಿಸ್ಟರ್ ಮಂಜುಶ್ರೀ ಮುಂಚೆಯೇ ನೆಲಕ್ಕೊಂದು ದಿಂಬು ಹಾಕಿಟ್ಟಿದ್ದರು. ಅತ್ತೆ ಅಷ್ಟೂ ಇಂಜೆಕ್ಷನ್ನನ್ನು ಕಣ್ಣು ಮಿಟುಕಿಸದೆ ತೆಗೆದುಕೊಂಡರು, ಆರಾಮಾಗಿದ್ದಾರೆ. ಡಾಕ್ಟರು ಹೇಳಿದ ಹಾಗೆ ಕಾಳಿಂಗನನ್ನು ಹತ್ತು ದಿನ ಕಟ್ಟಿಹಾಕಿ ನೋಡಿದೆವು, ಅವನಿಗೂ ಏನೂ ಆಗಲಿಲ್ಲ. ಹುಚ್ಚುನಾಯಿ ರೋಗದ ಲಸಿಕೆ ಹೊಸನಗರದಲ್ಲೇ ಬಿಟ್ಟಿ ಆಯಿತು. ತೀರ್ಥಹಳ್ಳಿಯಲ್ಲಿ ಬೇರೆ ರೋಗಗಳ ಲಸಿಕೆಗೆ ಆರುನೂರು, ಆಪರೇಶನ್ನಿಗೆ ಐದು ಸಾವಿರ. ಕರೆದುಕೊಂಡು ಹೋದದ್ದು ಹೇಮಾವತಿ. ನಾನು ಹೊರಗೆ ಆಟೋದಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಅತ್ತೆ ಈಗಲೂ ವಾರಕ್ಕೊಮ್ಮೆ ಬರುತ್ತಾರೆ. ನಾನು ‘ಊಟ ಆಯ್ತು’ ಎಂದರೂ ಒಳಗೆ ಹೋಗಿ ತಟ್ಟೆ ನೋಡಿ ಬರುತ್ತಾರೆ.

ಹಿನ್ನೀರಿನ ವಿಷಯ ಒಂದು ಬಾಕಿ ಇದೆ. ಆ ದಿನ ಸೇತುವೆಯ ಮೇಲೆ ನಿಂತು ತಲೆ ತಗ್ಗಿಸಿದಾಗ ಕಣ್ಣಿಗೆ ಬಿದ್ದದ್ದು ಅದೊಂದೇ. ಮಾರ್ಚಿನಲ್ಲಿ ಎಷ್ಟಿರಬೇಕೋ ಅಷ್ಟೇ ಇತ್ತು. ದಡದಲ್ಲಿ ಒಂದೇ ಒಂದು ಹೆಣ್ಣುನಾಯಿ ಇತ್ತು. ಅಳುತ್ತಿರಲಿಲ್ಲ, ನಿದ್ದೆ ಮಾಡುತ್ತಿತ್ತು.